ಕಾಡಿನ ನಡುಗಡ್ಡೆ: ಕ್ಯಾಸಲ್‌ರಾಕ್‌ನ ಕುಟುಂಬಜೀವನ ಮತ್ತು ಸಣ್ಣ ಸಂಚಾರಗಳು

ದ್ವೀಪವೆಂದೊಡನೆ ನೀರಿನಿಂದ ಸುತ್ತುವರಿದ ನೆಲ ನಮ್ಮ ಮನಸ್ಸಿಗೆ ಬರುತ್ತದೆ. ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ಅಂಥ ನೆಲಗಳಿಗೆ ಕೊರತೆಯಿಲ್ಲ. ಅಘನಾಶಿನಿಯ ಐಗಳಕುರ್ವೆ, ಶರಾವತಿಯ ಮಾವಿನಕುರ್ವೆ ಇವು ಜನವಸತಿಯುಳ್ಳ ಕುರ್ವೆಗಳು. ಆದರೆ ಸಮಾಜಜೀವನದ ದೃಷ್ಟಿಯಿಂದ ನೋಡಿದಾಗ ನೀರು ದ್ವೀಪದ ಒಂದು ಲಕ್ಷಣ ಮಾತ್ರ. ಸಂತೆಗೆ, ಆಸ್ಪತ್ರೆಗೆ, ಶಾಲೆಗೆ ಹೋಗಬೇಕಾದರೆ ಒಂದೇ ದಾರಿಯನ್ನೂ ಒಂದೇ ವಾಹನದ ವೇಳೆಯನ್ನೂ ನೆಚ್ಚಿಕೊಂಡು, ಉಳಿದ ಎಲ್ಲ ದಿಕ್ಕುಗಳಲ್ಲಿ ನಿಸರ್ಗದ ತಡೆಯನ್ನು ಹೊಂದಿರುವ ಜನಸಮುದಾಯದ ಬದುಕು ದ್ವೀಪದ ಬದುಕೇ ಆಗಿರುತ್ತದೆ. ಈ ಅರ್ಥದಲ್ಲಿ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ಒಂದು ನಡುಗಡ್ಡೆ. ಇಲ್ಲಿ ಕಡಲಿನ ಸ್ಥಾನದಲ್ಲಿ ಸಹ್ಯಾದ್ರಿಯ ದಟ್ಟ ಅರಣ್ಯವಿದೆ. ದೋಣಿಯ ಸ್ಥಾನದಲ್ಲಿ ರೈಲುಬಂಡಿಯಿದೆ. ಇಂಥ ಊರಿನಲ್ಲಿ ಕುಟುಂಬಜೀವನವು ರೂಪುಗೊಂಡ ಬಗೆಯನ್ನೂ, ಜನರ ದೈನಂದಿನ ಸಣ್ಣ ಸಂಚಾರಗಳ ಮಹತ್ವವನ್ನೂ ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

1. ಊರಿನ ಹುಟ್ಟು

ನಮ್ಮ ಬಹುಪಾಲು ಊರುಗಳು ಕೆರೆಯ ಬದಿಯಲ್ಲೋ, ಗದ್ದೆಬಯಲಿನ ಅಂಚಿನಲ್ಲೋ, ದೇವಾಲಯದ ಸುತ್ತಲೋ ಬೆಳೆದಂಥವು. ಕ್ಯಾಸಲ್‌ರಾಕ್ ಹಾಗೆ ಬೆಳೆದುದಲ್ಲ. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಜರಿಗೂ ನಡುವೆ ಆದ ಒಪ್ಪಂದದ ಫಲವಾಗಿ ಗೋವೆಯ ಮಾರ್ಮಗೋವಾ ಬಂದರನ್ನು ಘಟ್ಟದ ಮೇಲಿನ ನಾಡಿಗೆ ಜೋಡಿಸುವ ರೈಲುಮಾರ್ಗದ ಯೋಜನೆ ಸಿದ್ಧವಾಯಿತು. ಮೀಟರ್ ಗೇಜಿನ ಈ ಮಾರ್ಗವು 1888ರಲ್ಲಿ ಸಂಚಾರಕ್ಕೆ ತೆರೆಯಿತು. ಗೋವೆಯ ಕಡೆಯ ಭಾಗವನ್ನು ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಜ್ ರೈಲ್ವೆಯೂ, ಬ್ರಿಟಿಷ್ ಇಂಡಿಯಾದ ಕಡೆಯ ಭಾಗವನ್ನು ಸದರ್ನ್ ಮರಾಠಾ ರೈಲ್ವೆಯೂ ನಿರ್ಮಿಸಿದವು. ಎರಡೂ ಸೇರುವ ಗಡಿಯ ನೆತ್ತಿಯಲ್ಲಿ ಕ್ಯಾಸಲ್‌ರಾಕ್ ನಿಲ್ದಾಣ ಬಂದಿತು. ಊರಿನ ಹೆಸರು ಸಹ ರೈಲಿನೊಡನೆ ಬಂದ ಇಂಗ್ಲಿಷ್ ಹೆಸರೇ.

ಈ ನೆತ್ತಿಯ ಕೆಳಗಿನ ಬ್ರಗಾಂಜಾ ಘಟ್ಟದಲ್ಲಿ ಮಾರ್ಗದ ಏರು 37ಕ್ಕೆ 1ರಂತೆ ಇದೆ. ಅಂದರೆ ಬಂಡಿಯು 37 ಅಡಿ ಮುಂದೆ ಸಾಗುವಷ್ಟರಲ್ಲಿ 1 ಅಡಿ ಮೇಲೇರಬೇಕು. ರೈಲಿನ ಲೆಕ್ಕದಲ್ಲಿ ಇದು ಬಹಳ ಕಡಿದಾದ ಏರು. ಕುಳೇಯಿಂದ ಮೇಲೆ ಬರುವ ಬಂಡಿಗಳಿಗೆ ಹೆಚ್ಚುವರಿ ಎಂಜಿನುಗಳನ್ನು ಜೋಡಿಸಬೇಕು. ಮೇಲೆ ಬಂದ ಬಳಿಕ ಅವುಗಳನ್ನು ಬಿಡಿಸಬೇಕು. ಕೆಳಗೆ ಇಳಿಯುವ ಬಂಡಿಗಳ ಬ್ರೇಕುಗಳನ್ನು ನಿಲ್ಲಿಸಿ ಪರೀಕ್ಷಿಸಬೇಕು. ಆದುದರಿಂದ ದೂರದೂರಿನ ಬಂಡಿಗಳೂ ಇಲ್ಲಿ ನಿಲ್ಲುವುದು ಅನಿವಾರ್ಯ. ಬಂಡಿ ನಿಲ್ಲುವುದು ಊರಿಗಾಗಿ ಅಲ್ಲ, ಏರಿಗಾಗಿ. ಹಾಗೆ ನಿಂತ ಬಂಡಿಗಳಿಗೆ ಕೆಲಸ ಮಾಡುವವರಿಗಾಗಿ ವಸತಿಗೃಹಗಳು ಬಂದವು, ವಸತಿಗೃಹಗಳಲ್ಲಿ ಕುಟುಂಬಗಳು ನೆಲೆಸಿದವು. ಕ್ಯಾಸಲ್‌ರಾಕ್‌ನ ಸಾಮಾಜಿಕ ಚರಿತ್ರೆಯ ಮೂಲಸೂತ್ರ ಇದು.

ಇನ್ನೊಂದು ಸೂತ್ರ ಗಡಿಯದು. 1892ರಲ್ಲಿ ಒಪ್ಪಂದದ ಅವಧಿ ಮುಗಿದ ಮೇಲೆ ಸುಂಕದ ಗಡಿ ಮತ್ತೆ ಬಿಗಿಯಾಯಿತು. ಕ್ಯಾಸಲ್‌ರಾಕ್‌ನಲ್ಲಿ ಈ ಕಡೆಯ ಸುಂಕದವರು, ಕುಳೇಯಲ್ಲಿ ಪೋರ್ಚುಗೀಜರ ಸುಂಕದವರು ಪ್ರಯಾಣಿಕರ ಗಂಟುಮೂಟೆಗಳನ್ನು ತಪಾಸಣೆ ಮಾಡುತ್ತಿದ್ದರು. ಹೀಗೆ ರೈಲ್ವೆ ನೌಕರರ ಜೊತೆಗೆ ಸುಂಕದ ಕಟ್ಟೆಯ ನೌಕರರ ಕುಟುಂಬಗಳೂ ಸೇರಿದವು. 1955ರ ಆಗಸ್ಟ್ 15ರಂದು ಗೋವೆಯ ವಿಮೋಚನೆಗಾಗಿ ಸತ್ಯಾಗ್ರಹಿಗಳು ಗಡಿ ದಾಟಿದ ಸ್ಥಳಗಳಲ್ಲಿ ಕ್ಯಾಸಲ್‌ರಾಕ್ ಸಹ ಒಂದು. ಆ ವರ್ಷವೇ ಗಡಿಯಾಚೆಗಿನ ರೈಲುಸಂಚಾರ ನಿಂತಿತು. ಘಟ್ಟದ ಕೆಳಗೆ ನೆಂಟಸ್ತಿಕೆಯುಳ್ಳ ಕೊಂಕಣಿ ಮನೆಗಳಿಗೆ ಇದು ರಾಜಕೀಯ ಸುದ್ದಿ ಮಾತ್ರ ಆಗಿರಲಿಲ್ಲ. ತವರಿನ ದಾರಿಯೇ ಮುಚ್ಚಿದಂತೆ ಆಗಿತ್ತು. 1961ರ ಡಿಸೆಂಬರಿನಲ್ಲಿ ಗೋವೆ ವಿಮುಕ್ತವಾದ ಮೇಲೆ ದಾರಿ ತೆರೆಯಿತು. ಅದರೊಡನೆ ಸುಂಕದ ಕಟ್ಟೆಗೆ ಕೆಲಸವಿಲ್ಲವಾಯಿತು. ಒಂದು ಗಡಿ ಅಳಿದಾಗ ನಾಡು ಕೂಡಿಕೊಂಡಿತು. ಆದರೆ ಆ ಗಡಿಯ ಕೆಲಸವನ್ನು ನೆಚ್ಚಿದ ಊರು ಸಣ್ಣದಾಯಿತು ಎಂಬುದನ್ನು ಇಲ್ಲಿ ಗಮನಿಸಬೇಕು.

2. ಮನೆ, ವೇಳೆ, ಮಳೆ

ರೈಲ್ವೆ ವಸತಿಯಲ್ಲಿ ಮನೆಯು ಹುದ್ದೆಯೊಡನೆ ಬರುತ್ತದೆ, ಹುದ್ದೆಯೊಡನೆ ಹೋಗುತ್ತದೆ. ಸ್ಟೇಶನ್ ಮಾಸ್ತರರ ಮನೆ, ಡ್ರೈವರ್‌ಗಳ ಮನೆ, ಗ್ಯಾಂಗ್‌ಮನ್‌ಗಳ ಸಾಲುಮನೆ ಇವುಗಳ ಅಳತೆಯೇ ಬೇರೆ ಬೇರೆ. ಸ್ವಂತ ಜಮೀನಿಲ್ಲದ, ಸ್ವಂತ ಮನೆಯಿಲ್ಲದ, ವರ್ಗಾವಣೆಯ ಕಾಗದ ಯಾವಾಗ ಬಂದೀತೋ ಎಂದು ತಿಳಿಯದ ಈ ಕುಟುಂಬಗಳು ನೆರೆಹೊರೆಯನ್ನೇ ಬಂಧುಬಳಗವನ್ನಾಗಿ ಮಾಡಿಕೊಳ್ಳುವುದು ಸಹಜ. ಮನೆಮಾತು ಯಾವುದೇ ಇರಲಿ, ಮಕ್ಕಳು ಪಕ್ಕದ ಮನೆಯವರನ್ನು ಕಾಕಾ, ಮಾವಶಿ ಎಂದೂ, ಹೆಂಗಸರು ಒಬ್ಬರನ್ನೊಬ್ಬರು ವಹಿನಿ, ಅಕ್ಕಾ ಎಂದೂ ಕರೆಯುವುದು ಈ ಗಡಿಭಾಗದ ರೂಢಿ. ಕೊಂಕಣಿ ಮತ್ತು ಮರಾಠಿ ಇಲ್ಲಿನ ಓಣಿಯ ಭಾಷೆಗಳು. ಕನ್ನಡ ಶಾಲೆಯ, ಕಚೇರಿಯ ಭಾಷೆ. ಹಿಂದಿ, ತೆಲುಗು, ತಮಿಳುಗಳು ವರ್ಗವಾಗಿ ಬಂದವರೊಡನೆ ಬಂದ ಭಾಷೆಗಳು. ಒಂದೇ ಮಗು ಅಂಗಳದಲ್ಲಿ ಒಂದು ಭಾಷೆಯನ್ನೂ ತರಗತಿಯಲ್ಲಿ ಇನ್ನೊಂದನ್ನೂ ಆಡುವುದು ಇಲ್ಲಿ ವಿಶೇಷವಲ್ಲ.

ಮನೆಯ ದಿನಚರಿಯನ್ನು ನಿರ್ಣಯಿಸುವುದು ಸೂರ್ಯನಿಗಿಂತ ಹೆಚ್ಚಾಗಿ ಪಾಳಿ. ರಾತ್ರಿಪಾಳಿ ಮುಗಿಸಿ ಬಂದ ಯಜಮಾನ ಹಗಲು ಮಲಗುತ್ತಾನೆ. ಮಕ್ಕಳ ಆಟ ಅಂಗಳದಿಂದ ದೂರ ಸರಿಯುತ್ತದೆ. ಅಡುಗೆ ಎರಡು ವೇಳೆಯ ಬದಲು ಮೂರು ವೇಳೆಯಾಗುತ್ತದೆ. ಗಡಿಯಾರವಿಲ್ಲದ ಮನೆಗೂ ಬಂಡಿಯ ಸದ್ದು ವೇಳೆ ತಿಳಿಸುತ್ತಿತ್ತು.

ಇಲ್ಲಿಯ ಬದುಕಿನ ನಿಜವಾದ ಪರೀಕ್ಷೆ ಮಳೆಗಾಲ. ರಾಜ್ಯದ ಭಾರೀ ಮಳೆಯ ವರದಿಗಳಲ್ಲಿ ಕ್ಯಾಸಲ್‌ರಾಕ್ ಹೆಸರು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅಂಗಳ ಒಣಗುವುದಿಲ್ಲ, ಬಟ್ಟೆ ಒಣಗುವುದಿಲ್ಲ. ಮೇ ತಿಂಗಳಲ್ಲಿಯೇ ಸೌದೆ, ಅಕ್ಕಿ, ಬೇಳೆ, ಮುರುಗಲು ಸಿಪ್ಪೆ, ಹಪ್ಪಳ, ಒಣಮೀನು ಇವುಗಳನ್ನು ಕೂಡಿಡುವುದು ಗೃಹಿಣಿಯ ಜವಾಬ್ದಾರಿ. ದ್ವೀಪವಾಸಿಗಳು ಕಡಲು ಮುನಿಯುವ ಮೊದಲು ಮಾಡುವ ಸಿದ್ಧತೆಗೂ ಇದಕ್ಕೂ ವ್ಯತ್ಯಾಸವಿಲ್ಲ.

ಮಳೆಗಾಲದ ರಾತ್ರಿಗಳಲ್ಲಿ ಹಳಿಯ ಮೇಲೆ ಗಸ್ತು ತಿರುಗುವುದು ಗ್ಯಾಂಗ್‌ಮನ್‌ಗಳ ಕೆಲಸ. ಕೈಯಲ್ಲಿ ದೀಪ, ಹೆಗಲಲ್ಲಿ ಚೀಲ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ. ಗುಡ್ಡ ಜರಿದಿದೆಯೆ, ಮರ ಬಿದ್ದಿದೆಯೆ ಎಂದು ಕಣ್ಣಿಟ್ಟು ನಡೆಯಬೇಕು. ಅಪಾಯ ಕಂಡರೆ ಬರುವ ಬಂಡಿಯನ್ನು ನಿಲ್ಲಿಸಬೇಕು. ಈ ಭಯ ಕೇವಲ ಹಿಂದಿನದಲ್ಲ. 2021ರ ಜುಲೈ 23ರಂದು ದೂಧಸಾಗರ ಮತ್ತು ಸೋನಾವಳಿ ನಿಲ್ದಾಣಗಳ ನಡುವೆ ಗುಡ್ಡ ಕುಸಿದು ಮಂಗಳೂರಿನಿಂದ ಮುಂಬಯಿಗೆ ಹೊರಟಿದ್ದ ಬಂಡಿ ಹಳಿ ತಪ್ಪಿತು. 2023ರ ಜುಲೈನಲ್ಲಿ ಕ್ಯಾಸಲ್‌ರಾಕ್ ಮತ್ತು ಕಾರಂಜೋಳ ನಡುವೆ ಮಣ್ಣು ಕುಸಿದು ಸಂಚಾರ ನಿಂತಿತು. ಇಂಥ ಸುದ್ದಿಗಳಲ್ಲಿ ಪ್ರಯಾಣಿಕರ ಪಾಡು ವರದಿಯಾಗುತ್ತದೆ. ಗಸ್ತಿಗೆ ಹೋದವನು ಮರಳುವವರೆಗೆ ದೀಪ ಆರಿಸದೆ ಕೂತ ಮನೆಯವರ ಪಾಡು ಯಾವ ದಾಖಲೆಯಲ್ಲಿಯೂ ಸಿಗುವುದಿಲ್ಲ.

3. ಸುತ್ತಣ ಸಮುದಾಯಗಳು

ರೈಲ್ವೆ ವಸತಿಯು ಕಾಡಿನಲ್ಲಿ ಒಂಟಿಯಾಗಿ ಬದುಕಿದುದಲ್ಲ. ಜೋಯಿಡಾ ತಾಲೂಕು ವಿಸ್ತಾರದಲ್ಲಿ ಜಿಲ್ಲೆಯಲ್ಲಿಯೇ ದೊಡ್ಡದಾದರೂ ಜನಸಂಖ್ಯೆ ಬಹು ವಿರಳ. ಇಲ್ಲಿಯ ಮೂಲನಿವಾಸಿಗಳಾದ ಕುಣಬಿಗಳು ಕೊಂಕಣಿಯನ್ನಾಡುವ ಕೃಷಿಕರು. ಭತ್ತದೊಡನೆ ಮುಡ್ಲಿ ಮೊದಲಾದ ಗಡ್ಡೆಗೆಣಸುಗಳನ್ನು ಬೆಳೆಯುವುದರಲ್ಲಿ ನಿಷ್ಣಾತರು. ಜೋಯಿಡಾದಲ್ಲಿ ನಡೆಯುವ ಗಡ್ಡೆಗೆಣಸು ಮೇಳದಿಂದಾಗಿ ಈ ಜ್ಞಾನ ಇತ್ತೀಚೆಗೆ ಹೊರಗಿನವರ ಗಮನಕ್ಕೂ ಬಂದಿದೆ. ಹೈನುಗಾರಿಕೆ ಗೌಳಿಗರ ಕುಲಕಸುಬು. ಕಾಡಿನಿಂದ ಬರುವ ಹಾಲು, ಗಡ್ಡೆ, ಕವಳೆಹಣ್ಣು, ಮಳೆಗಾಲದ ಅಣಬೆ ಒಂದು ಕಡೆ. ಸಂಬಳದ ದಿನದ ರೊಕ್ಕ ಇನ್ನೊಂದು ಕಡೆ. ಈ ಕೊಡುಕೊಳ್ಳುವಿಕೆಯೇ ಎರಡು ಲೋಕಗಳನ್ನು ಪರಿಚಯಿಸಿತು. ಚೌತಿಯ ಗಣಪತಿಯ ಮೇಲೆ ಕಟ್ಟುವ ಮಾಟೋಳಿಯ ಕಾಡುಹಣ್ಣು, ಕಾಯಿಗಳನ್ನು ಎಲ್ಲಿ ಹುಡುಕಬೇಕೆಂದು ವಸತಿಯ ಮಕ್ಕಳಿಗೆ ತೋರಿಸಬಲ್ಲವರು ಕುಣಬಿ ಮಕ್ಕಳು. ದಸರೆಯಲ್ಲಿ ಗೌಳಿಗರ ಕುಣಿತ, ಹೋಳಿಯ ಕಾಲದ ಶಿಗ್ಮೊ ಇವು ಇಡೀ ಪ್ರದೇಶದ ಸಂತೋಷಗಳು.

4. ಸಣ್ಣ ಸಂಚಾರಗಳು

ಪ್ರವಾಸವೆಂದರೆ ದೂರದೂರಿಗೆ ಹೋಗುವುದೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಮುಚ್ಚಿದ ಸಮುದಾಯವೊಂದಕ್ಕೆ ಅರ್ಧ ದಿನದ ಸಂಚಾರವೇ ಉಸಿರಾಟ. ಕ್ಯಾಸಲ್‌ರಾಕ್‌ನ ಮಟ್ಟಿಗೆ ಇವುಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಅಗತ್ಯದ ಸಂಚಾರ. ತಿನೈಘಾಟ್ ದಾಟಿ ಲೋಂಡಾಕ್ಕೆ ಹೋಗಿಬರುವುದು ಇದರಲ್ಲಿ ಮುಖ್ಯ. ಸೂಪಾ ಅಣೆಕಟ್ಟಿನಿಂದ ಮುಳುಗಿದ ಊರುಗಳವರು ನೆಲೆಸಿದ ರಾಮನಗರವು ಬೆಳೆದ ಮೇಲೆ ಆ ಕಡೆಗೂ ಹೋಗುವ ರೂಢಿಯಾಯಿತು. ಬಟ್ಟೆ, ಪುಸ್ತಕ, ಔಷಧಿ ಇವುಗಳಿಗಾಗಿ ಹೊರಟರೂ ಮಕ್ಕಳ ಪಾಲಿಗೆ ಅದು ಹಬ್ಬವೇ. ದೊಡ್ಡ ಖರೀದಿಗೆ ಬೆಳಗಾವಿ, ಮೀನಿಗೂ ನೆಂಟಸ್ತಿಕೆಗೂ ಗೋವೆ. ಜಿಲ್ಲಾಕೇಂದ್ರವಾದ ಕಾರವಾರ ಮಾತ್ರ ಆಡಳಿತದ ನಕಾಶೆಯಲ್ಲಿ ಹತ್ತಿರ, ಕಾಲಿಗೆ ದೂರ.

ಎರಡನೆಯದು ಭಕ್ತಿಯ ಸಂಚಾರ. ಇದೇ ತಾಲೂಕಿನ ಉಳವಿಯಲ್ಲಿ ಚನ್ನಬಸವಣ್ಣನ ಸಮಾಧಿ ಇದೆ. ಭರತ ಹುಣ್ಣಿಮೆಯ ಸುಮಾರಿಗೆ ನಡೆಯುವ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಗಳಿಂದ ಚಕ್ಕಡಿಗಳು ಬರುತ್ತವೆ. ಶಿವರಾತ್ರಿಗೆ ದಾಂಡೇಲಿ ಕಾಡಿನ ಕವಳಾ ಗುಹೆ, ಡಿಸೆಂಬರಿನಲ್ಲಿ ಹಳೆ ಗೋವೆಯ ಸಂತ ಫ್ರಾನ್ಸಿಸ್ ಝೇವಿಯರನ ಹಬ್ಬ. ಭಿನ್ನ ಮತಗಳ ಕುಟುಂಬಗಳು ಒಂದೇ ಓಣಿಯಲ್ಲಿದ್ದುದರಿಂದ ಈ ದಿನಗಳು ಎಲ್ಲರ ಪಂಚಾಂಗದಲ್ಲಿಯೂ ಸೇರಿಕೊಂಡವು.

ಮೂರನೆಯದು ಬರಿಯ ಸಂತೋಷದ ಸಂಚಾರ. ಸಂಜೆ ಪ್ಲಾಟ್‌ಫಾರ್ಮಿಗೆ ಹೋಗಿ ಬಂಡಿ ನೋಡುವುದು ಇದರ ಅತಿ ಸಣ್ಣ ರೂಪ. ಘಟ್ಟದ ಕೆಳಗೆ, ಸುಮಾರು 310 ಮೀಟರ್ ಎತ್ತರದಿಂದ ಧುಮುಕುವ ದೂಧಸಾಗರ ಜಲಪಾತ ಇದರ ದೊಡ್ಡ ರೂಪ. ಜಲಪಾತದ ಎದುರಿಗೇ ರೈಲುಮಾರ್ಗ ಹಾದುಹೋಗುವುದರಿಂದ ಹಳಿಗುಂಟ ನಡೆದುಹೋಗುವ ಅಭ್ಯಾಸ ಬೆಳೆಯಿತು. ಮುಂದೆ ಹುಬ್ಬಳ್ಳಿ, ಬೆಂಗಳೂರುಗಳ ಚಾರಣಿಗರೂ ಗುಂಪುಗುಂಪಾಗಿ ಬರತೊಡಗಿದರು. ಸುರಂಗಗಳಲ್ಲಿ, ಸೇತುವೆಗಳ ಮೇಲೆ ಬಂಡಿ ಬಂದರೆ ಸರಿದು ನಿಲ್ಲಲು ಎಡೆಯಿಲ್ಲ. 1989ರ ರೈಲ್ವೆ ಕಾಯ್ದೆಯ 147ನೆಯ ಕಲಮಿನಂತೆ ಹಳಿಯ ಮೇಲೆ ಅಕ್ರಮವಾಗಿ ನಡೆಯುವುದು ಅಪರಾಧ. 2023ರ ಮಳೆಗಾಲದಲ್ಲಿ ಜನಜಂಗುಳಿ ಮಿತಿಮೀರಿದಾಗ ನೈಋತ್ಯ ರೈಲ್ವೆಯು ಹಳಿಯ ಮೇಲೆ ನಡೆಯದಂತೆ ಬಹಿರಂಗವಾಗಿ ಮನವಿ ಮಾಡಬೇಕಾಯಿತು. ಹಳಿಯನ್ನು ಅರಿತವರ ಸಣ್ಣ ಸಂಚಾರವು ಹಳಿಯನ್ನು ಅರಿಯದವರ ದೊಡ್ಡ ಗದ್ದಲವಾದಾಗ ನಿರ್ಬಂಧ ಸಹಜವೇ. ಆದರೆ ನಿರ್ಬಂಧದ ಭಾರ ಎರಡೂ ಬಗೆಯವರ ಮೇಲೆ ಸಮನಾಗಿ ಬೀಳುತ್ತದೆ.

5. ಸ್ಥಿತ್ಯಂತರ

1990ರ ದಶಕದಲ್ಲಿ ಮಾರ್ಗವು ಬ್ರಾಡ್ ಗೇಜ್ ಆಗಿ ಪರಿವರ್ತನೆಗೊಂಡಿತು. ರಸ್ತೆ ಬಂದಿತು, ದೂರವಾಣಿ ಬಂದಿತು. ದ್ವೀಪದ ಅಂಚು ಕರಗಿತು. ಆದರೆ ಅದೇ ಹೊತ್ತಿಗೆ ಸುತ್ತಲಿನ ಕಾಡಿನ ಸ್ಥಾನಮಾನ ಬದಲಾಯಿತು. 1956ರ ದಾಂಡೇಲಿ ಅಭಯಾರಣ್ಯ ಮತ್ತು 1987ರ ಅಣಶಿ ರಾಷ್ಟ್ರೀಯ ಉದ್ಯಾನಗಳನ್ನು ಕೂಡಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂಬ ಹೆಸರು ಬಂದಿತು. ಕಾಡೊಳಗಿನ ಹಳ್ಳಿಗಳ ಕೆಲವು ಕುಟುಂಬಗಳು ಪರಿಹಾರ ಪಡೆದು ಹೊರಗೆ ಹೋದವು. ಶಾಲೆಯ, ಆಸ್ಪತ್ರೆಯ ಸಮೀಪ ಬದುಕುವ ಆಸೆಯಿಂದ ಹೋದವರಿದ್ದಾರೆ; ಗದ್ದೆ ಮತ್ತು ದೈವದ ನೆಲೆಗಳನ್ನು ಬಿಡಲಾರದೆ ಉಳಿದವರೂ ಇದ್ದಾರೆ. ಎರಡೂ ನಿರ್ಧಾರಗಳ ಹಿಂದೆ ಕುಟುಂಬದ ಹಿತದ ಲೆಕ್ಕವೇ ಇದೆ.

ಕ್ಯಾಸಲ್‌ರಾಕ್‌ನಿಂದ ಕುಳೇವರೆಗೆ ಜೋಡಿಮಾರ್ಗ ಹಾಕುವ ಯೋಜನೆಯೂ ಇದೇ ದ್ವಂದ್ವವನ್ನು ಮುಂದಿಟ್ಟಿತು. ಇದಕ್ಕೆ ವನ್ಯಜೀವಿ ಮಂಡಳಿ ನೀಡಿದ್ದ ಅನುಮೋದನೆಯನ್ನು ಸರ್ವೋಚ್ಚ ನ್ಯಾಯಾಲಯವು 2022ರ ಮೇ 9ರಂದು ರದ್ದುಗೊಳಿಸಿತು. ಘಟ್ಟದ ಜೀವವೈವಿಧ್ಯದ ಮೇಲಾಗುವ ಪರಿಣಾಮದ ಸಮಗ್ರ ಅಧ್ಯಯನ ಅಗತ್ಯವೆಂಬುದು ಈ ತೀರ್ಪಿನ ಸಾರ. ರೈಲಿನಿಂದ ಹುಟ್ಟಿ ಕಾಡಿನಿಂದ ಬದುಕಿದ ಊರಿಗೆ ರೈಲು ಮತ್ತು ಕಾಡುಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳುವುದು ಸುಲಭವಲ್ಲ. ಜಲಪಾತವನ್ನು, ಅಣಬೆಯನ್ನು, ಮುಡ್ಲಿಯನ್ನು ಕೊಟ್ಟುದು ಕಾಡು. ಸಂಬಳವನ್ನು, ತವರಿನ ದಾರಿಯನ್ನು ಕೊಟ್ಟುದು ರೈಲು.

ಸಮಾರೋಪ

ಮೇಲಿನ ವಿವೇಚನೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಕ್ಯಾಸಲ್‌ರಾಕ್‌ನ ಮಟ್ಟಿಗೆ ಒಪ್ಪಂದ, ಗಡಿ, ಗೇಜು, ಅಭಯಾರಣ್ಯ ಇವೆಲ್ಲ ಹೊರಗಿನಿಂದ ಬಂದ ತೀರ್ಮಾನಗಳು. ಅವುಗಳನ್ನು ಬದುಕನ್ನಾಗಿ ಮಾರ್ಪಡಿಸಿದವರು ಸೌದೆ ಕೂಡಿಟ್ಟ ತಾಯಂದಿರು, ಗಸ್ತು ತಿರುಗಿದ ಗ್ಯಾಂಗ್‌ಮನ್‌ಗಳು, ಹಾಲು ತಂದ ಗೌಳಿಗರು, ಲೋಂಡಾದ ಪೇಟೆಯನ್ನು ಹಬ್ಬವೆಂದು ಬಗೆದ ಮಕ್ಕಳು. ತೀರ್ಮಾನಗಳ ಕಾಗದಪತ್ರಗಳು ಕಚೇರಿಗಳಲ್ಲಿ ಸುರಕ್ಷಿತವಾಗಿವೆ. ಬದುಕಿನ ನೆನಪು ಮಾತ್ರ ನಿವೃತ್ತರಾಗಿ ಬೇರೆ ಬೇರೆ ಊರು ಸೇರಿದ ಹಿರಿಯರಲ್ಲಿ ಉಳಿದಿದೆ. ಕ್ವಾರ್ಟರ್ಸ್ ತೆರವಾದ ದಿನ ಆ ಮನೆಯ ಚರಿತ್ರೆಯೂ ತೆರವಾಗುವುದು ರೈಲ್ವೆ ವಸತಿಗಳ ದುರ್ದೈವ. ಕೊಂಕಣಿ, ಮರಾಠಿ, ಕನ್ನಡಗಳಲ್ಲಿ ಚದುರಿರುವ ಈ ಮೌಖಿಕ ಸಾಮಗ್ರಿಯನ್ನು ಹಿರಿಯರು ನಮ್ಮೊಡನಿರುವಾಗಲೇ ಸಂಗ್ರಹಿಸುವುದು ಜಿಲ್ಲೆಯ ಸಂಶೋಧಕರ ಮುಂದಿರುವ ತುರ್ತಿನ ಕೆಲಸ. ಮುಂದೆ ಈ ನಡುಗಡ್ಡೆಯ ಬಗೆಗೆ ತೀರ್ಮಾನ ಕೈಗೊಳ್ಳುವವರಿಗೆ, ಅಲ್ಲಿ ಯಾರು ಹೇಗೆ ಬದುಕಿದರು ಎಂಬುದು ತಿಳಿದಿರಬೇಕು.