ಸದ್ದು ನೇಯ್ದ ಜಾಲರಿ

ರಬಕವಿ–ಬನಹಟ್ಟಿಯ ಮಗ್ಗದಲ್ಲಿ ಒತ್ತಾಗಿ ನೇಯ್ದ ತೆಳು ಬಟ್ಟೆಯೊಂದನ್ನು ಕಣ್ಣಿಗೆ ಹತ್ತಿರ ಹಿಡಿದು ರಾತ್ರಿ ದೂರದ ಬೀದಿದೀಪ ನೋಡಿ. ನಡುವಿನ ದೀಪದಿಂದ ಹಾಸು-ಹೊಕ್ಕಿನ ಎರಡೂ ದಿಕ್ಕಿಗೆ ಮಸುಕು ದೀಪಗಳು ಸಾಲುಗಟ್ಟುತ್ತವೆ. ರೇಷ್ಮೆ ಕರವಸ್ತ್ರದಲ್ಲಿ ಇದನ್ನೇ ಕಂಡ ಅಮೆರಿಕದ ಫ್ರಾನ್ಸಿಸ್ ಹಾಪ್ಕಿನ್ಸನ್, 1785ರಲ್ಲಿ ಖಗೋಳಶಾಸ್ತ್ರಜ್ಞ ಡೇವಿಡ್ ರಿಟೆನ್‌ಹೌಸ್‌ನನ್ನು ಕಾರಣ ಕೇಳಿದ್ದ. ಎಳೆಗಳ ಸಂದಿನಿಂದ ಹೊರಟ ಬೆಳಕಿನ ಅಲೆಗಳು ಕೆಲವು ದಿಕ್ಕಿನಲ್ಲಿ ಕೂಡಿ ಹೊಳೆಯುತ್ತವೆ, ಉಳಿದೆಡೆ ಒಂದನ್ನೊಂದು ಅಳಿಸುತ್ತವೆ.

ನೂಲೇ ಇಲ್ಲದೆ, ಸದ್ದಿನಿಂದಲೇ ಇಂಥ ಜಾಲರಿ ಆದೀತೆ? ಆಗುತ್ತದೆ ಎಂದು 1932ರಲ್ಲಿ ಅಮೆರಿಕದಲ್ಲಿ ಡಿಬೈ–ಸಿಯರ್ಸ್ ಮತ್ತು ಫ್ರಾನ್ಸಿನಲ್ಲಿ ಲ್ಯೂಕಾ–ಬಿಕಾರ್ ತೋರಿಸಿದರು. ಸೆಕೆಂಡಿಗೆ 1 ಕೋಟಿ ಸಲ ಕಂಪಿಸುವ ಶಬ್ದಕ್ಕೆ ನೀರಿನಲ್ಲಿ ಅಲೆಯುದ್ದ ಸುಮಾರು 0.15 ಮಿಲಿಮೀಟರ್. ಎಳೆಗಳ ಅಂತರಕ್ಕೆ ಹತ್ತಿರದ ಅಳತೆಯೇ. ಆದರೆ ಸದ್ದಿನ ಜಾಲರಿ ದಾಟಿ ಗೆರೆಗಳಾಗಿ ಒಡೆಯುವ ಬೆಳಕಿನಲ್ಲಿ ಯಾವ ಗೆರೆ ಎಷ್ಟು ಹೊಳೆಯಬೇಕು ಎಂಬ ಲೆಕ್ಕ ಕೂಡಿಬಂದಿರಲಿಲ್ಲ.

ಅದನ್ನು ಬಿಡಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್. 1935–36ರಲ್ಲಿ ಐದು ಭಾಗಗಳಲ್ಲಿ ಬಂದ ಆ ಪ್ರಬಂಧಗಳು ನನಗೆ ರಾಮನ್ ಪರಿಣಾಮದಷ್ಟೇ ಹೆಮ್ಮೆಯ ಸಂಗತಿ. ನಮ್ಮ ಪಠ್ಯಗಳಲ್ಲಿ ಅವುಗಳ ಹೆಸರು ಕೇಳಿಬರುವುದು ತೀರ ಕಡಿಮೆ.

ಅವರ ಹೊಳಹು ಸರಳ. ನೂಲು ಬೆಳಕನ್ನು ತಡೆಯುತ್ತದೆ, ಸದ್ದು ತಡೆಯುವುದಿಲ್ಲ. ದ್ರವ ಒತ್ತಿಕೊಂಡಲ್ಲಿ ಬೆಳಕು ತುಸು ನಿಧಾನ, ಸಡಿಲಾದಲ್ಲಿ ತುಸು ಬೇಗ. ಸಪಾಟಾಗಿ ಒಳಹೊಕ್ಕ ಬೆಳಕಿನ ಅಲೆಮುಖ ನೆರಿಗೆಗಟ್ಟಿ ಹೊರಬರುತ್ತದೆ. ಒಂದು ಸೆಂಟಿಮೀಟರ್ ದ್ರವವನ್ನು ಬೆಳಕು ದಾಟುವಷ್ಟರಲ್ಲಿ ಶಬ್ದ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ; ಹಾಗಾಗಿ ಮೊದಲ ಲೆಕ್ಕದಲ್ಲಿ ಅದನ್ನು ನಿಂತ ನೆರಿಗೆಯೆಂದೇ ಹಿಡಿಯಬಹುದು.

ಆ ನೆರಿಗೆಯನ್ನು ಗಣಿತಕ್ಕಿಳಿಸಿದಾಗ ದೊರೆತದ್ದು ಬೆಸೆಲ್ ಫಲನಗಳು. ಗ್ರಹಗಳ ಚಲನೆಗಾಗಿ 19ನೆಯ ಶತಮಾನದಲ್ಲಿ ಬೆಸೆಲ್ ಬೆಳೆಸಿದ ಅವೇ ಫಲನಗಳ ವರ್ಗ, ಪ್ರತಿ ಗೆರೆಯ ಹೊಳಪನ್ನು ಹೇಳಿತು. ಶಬ್ದ ಜೋರಾದಂತೆ ನಡುಗೆರೆ ಮಂಕಾಗುತ್ತದೆ. ನೆರಿಗೆಯ ಆಳ ಸೂಚಿಸುವ ಸಂಖ್ಯೆ 2.405 ಮುಟ್ಟಿದಾಗ ಪೂರ್ತಿ ಮಾಯವಾಗುತ್ತದೆ. ಬೆಳಕು ಕಳೆದುಹೋಗಿರುವುದಿಲ್ಲ, ಅಷ್ಟೂ ಪಕ್ಕದ ಗೆರೆಗಳಿಗೆ ಹಂಚಿಹೋಗಿರುತ್ತದೆ. ಶಬ್ದ ಇನ್ನೂ ಏರಿದರೆ ನಡುಗೆರೆ ಮರಳಿ ಮೂಡುತ್ತದೆ.

ಮೂರನೆಯ ಭಾಗದಲ್ಲಿ ಅವರು ಶಬ್ದಕ್ಕೆ ಚಲನೆಯನ್ನೂ ಕೊಟ್ಟರು. ಆಗ ಪ್ರತಿ ಗೆರೆಯ ಬೆಳಕಿನ ಆವರ್ತನ ಶಬ್ದದ ಆವರ್ತನದ ಇಡೀ ಪಟ್ಟುಗಳಷ್ಟು ಸರಿಯುತ್ತದೆ: ಮೊದಲ ಗೆರೆಗೆ ಒಂದು ಪಟ್ಟು, ಎರಡನೆಯದಕ್ಕೆ ಎರಡು. ಲೇಸರ್ ಕಿರಣವನ್ನು ಶಬ್ದದಿಂದ ನಿಯಂತ್ರಿಸುವ ಇಂದಿನ ಸಾಧನಗಳು ಈ ಸರಿತವನ್ನು ಬಳಸಿಕೊಳ್ಳುತ್ತವೆ.