ಮುರಕಲ್ಲಿನ ಪುಟಾಣಿ ಕಪ್ಪೆ

ಮಣಿಪಾಲದ ಆಸುಪಾಸಿನ ಮುರಕಲ್ಲು ಹರವಿನಲ್ಲಿ ಮಳೆಗಾಲದ ರಾತ್ರಿ ನಿಂತರೆ ಎಲ್ಲೆಡೆಯಿಂದ ಜೀರುಂಡೆಗಳ ಸದ್ದು. ಆ ಸದ್ದುಗಳಲ್ಲಿ ಕೆಲವು ಜೀರುಂಡೆಯವಲ್ಲ. ಹುಲ್ಲಿನ ಬುಡದಲ್ಲಿ ಕೂತ ಗಂಡು ಕಪ್ಪೆಯೊಂದು ಗಂಟಲನ್ನು ಬಲೂನಿನಂತೆ ಉಬ್ಬಿಸಿ ಹೆಣ್ಣನ್ನು ಕರೆಯುತ್ತಿರುತ್ತದೆ.

ಮೈಕ್ರೋಹೈಲಾ ಲ್ಯಾಟರೈಟ್ ಎಂಬ ಈ ಕಪ್ಪೆಯ ಉದ್ದ ಹೆಚ್ಚುಕಡಿಮೆ 16 ಮಿಲಿಮೀಟರ್. ಒಂದು ರೂಪಾಯಿ ನಾಣ್ಯದ ಮೇಲೆ ಕೂತರೂ ಸುತ್ತ ಅಂಚು ಉಳಿಯುತ್ತದೆ! ತಿಳಿಕಂದು ಮೈ, ಬೆನ್ನು, ಪಕ್ಕೆ, ಕೈಕಾಲುಗಳ ಮೇಲೆ ಕಪ್ಪು ಗುರುತುಗಳು. ಒದ್ದೆ ನೆಲದಲ್ಲಿ ಅಲುಗಾಡದೆ ಕೂತರೆ ಮಣ್ಣಿನ ಹೆಂಟೆಗೂ ಇದಕ್ಕೂ ವ್ಯತ್ಯಾಸ ಕಾಣದು.

ಜನರೊಂದಿಗೆ ಸೇರಿ ಈ ಭಾಗದ ಜೀವಿಗಳನ್ನು ದಾಖಲಿಸುತ್ತಿದ್ದ ರಮಿತ್ ಸಿಂಗಲ್ ಅವರ ಕಣ್ಣಿಗೆ ಇದು ಬಿತ್ತು. ಹೊಸ ಪ್ರಭೇದ ಎನ್ನಲು ಕಣ್ಣಂದಾಜು ಸಾಲದು. ಕೆ.ಎಸ್. ಶೇಷಾದ್ರಿ, ಕೆ.ವಿ. ಗುರುರಾಜ ಮೊದಲಾದ ಸಂಶೋಧಕರ ತಂಡ ಕಪ್ಪೆಯ ಅಂಗಾಂಗಗಳನ್ನು ಅಳೆಯಿತು, ಕೂಗನ್ನು ಧ್ವನಿಮುದ್ರಿಸಿ ವಿಶ್ಲೇಷಿಸಿತು, ಡಿಎನ್‌ಎಯನ್ನು ಸೋದರ ಪ್ರಭೇದಗಳ ಜೊತೆ ಹೋಲಿಸಿತು. ಮೂರೂ ಒಂದೇ ಮಾತು ಹೇಳಿದವು. 2016ರಲ್ಲಿ ‘ಪ್ಲೋಸ್ ಒನ್’ ಪತ್ರಿಕೆಯಲ್ಲಿ ವಿವರ ಪ್ರಕಟವಾಯಿತು.

ಹೆಸರು ಬಂದದ್ದು ನೆಲದಿಂದಲೇ. ಮಳೆ, ಬಿಸಿಲುಗಳಿಗೆ ಬಂಡೆ ಸವೆದು, ಕರಗುವುದೆಲ್ಲ ನೀರಿನಲ್ಲಿ ಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿದು ಆದದ್ದು ಮುರಕಲ್ಲು. ನೆಲದೊಳಗಿರುವಾಗ ಕತ್ತರಿಸಲು ಮೆದು, ಗಾಳಿ ತಾಗಿದ ಮೇಲೆ ಗಟ್ಟಿ. ಮಲಬಾರಿನಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ‘ಲ್ಯಾಟರೈಟ್’ ಎಂದು ಕರೆದ. ಲ್ಯಾಟಿನ್ನಿನಲ್ಲಿ ‘ಲ್ಯಾಟರ್’ ಎಂದರೆ ಇಟ್ಟಿಗೆ. ಕರಾವಳಿಯ ಮನೆಗೋಡೆಗಳಿಗೆ ಇಂದಿಗೂ ಇದೇ ಕಲ್ಲು.

ಬೇಸಿಗೆಯಲ್ಲಿ ಕಾದ ಹಂಚಿನಂತಿರುವ ಈ ಹರವಿನ ತಗ್ಗುಗಳಲ್ಲಿ ಮಳೆ ಬಿದ್ದೊಡನೆ ನೀರು ನಿಲ್ಲುತ್ತದೆ. ಮೈಕ್ರೋಹೈಲಾ ಕುಲದ ಕಪ್ಪೆಗಳಿಗೆ ಮೊಟ್ಟೆಯಿಡಲು ಇಂಥ ನಿಂತ ನೀರೇ ಬೇಕು. ಅದು ಆರುವುದರೊಳಗೆ ಗೊದಮೊಟ್ಟೆಗೆ ಕಾಲು ಮೂಡಿ, ಬಾಲ ಕರಗಿ, ಮರಿ ದಡ ಹತ್ತಬೇಕು. ಬೆಳೆದ ಕಪ್ಪೆಗಳ ಬಾಯಿ ಕಿರಿದು. ಇರುವೆ, ಗೆದ್ದಲಿನಂಥ ಸಣ್ಣ ಹುಳುಗಳೇ ಊಟ.

ಇದೇ ಕುಲದ ಇನ್ನೊಂದು ಪ್ರಭೇದವೂ ಕರಾವಳಿಯಲ್ಲೇ ಸಿಕ್ಕಿತು. 2018ರಲ್ಲಿ ಮಂಗಳೂರಿನಿಂದ ವರದಿಯಾದ ಮೈಕ್ರೋಹೈಲಾ ಕೊಡಿಯಾಲ್ ಪತ್ತೆಯಾದದ್ದು ಹಿಂದೆ ಮರದ ದಿಮ್ಮಿ ರಾಶಿ ಹಾಕುತ್ತಿದ್ದ ಜಾಗದಲ್ಲಿ. ಅದರ ವಂಶವಾಹಿಗಳು ಆಗ್ನೇಯ ಏಷ್ಯಾದ ಕಪ್ಪೆಗಳಿಗೆ ಹತ್ತಿರ. ಆಮದಾದ ದಿಮ್ಮಿಗಳ ಜೊತೆ ಅದು ಬಂದಿರಬಹುದೇ ಎಂಬ ಪ್ರಶ್ನೆಯನ್ನು ಸಂಶೋಧಕರೇ ಎತ್ತಿದ್ದಾರೆ.

ಮಣಿಪಾಲದ ಕಪ್ಪೆ ಪತ್ತೆಯಾದಾಗ ಅದರ ನೆಲೆಯ ಹರವು ಸುಮಾರು 150 ಚದರ ಕಿಲೋಮೀಟರ್ ಎಂದು ಅಂದಾಜಿಸಲಾಗಿತ್ತು. ಆದ್ದರಿಂದ ಅದನ್ನು ಅಪಾಯದಂಚಿನ ಪಟ್ಟಿಗೆ ಸೇರಿಸಬೇಕೆಂದು ಸಂಶೋಧಕರು ಸೂಚಿಸಿದರು. ಆದರೆ ಸರ್ಕಾರಿ ಲೆಕ್ಕಪುಸ್ತಕದಲ್ಲಿ ಮುರಕಲ್ಲು ನೆಲ ಎಂದರೆ ಪಾಳು ಭೂಮಿ. ಕಲ್ಲುಕೋರೆಗೆ, ಕಸ ಸುರಿಯುವುದಕ್ಕೆ, ಕಟ್ಟಡಕ್ಕೆ ಮೊದಲು ಹೋಗುವುದು ಅದೇ. ಕಾಡಿಗಿರುವ ಕಾವಲು ಇದಕ್ಕಿಲ್ಲ.

ಮುಂದಿನ ಮಳೆಗಾಲದಲ್ಲಿ ಇಂಥ ಹರವಿನಲ್ಲಿ ಜೀರುಂಡೆ ಕೂಗಿದರೆ ಟಾರ್ಚ್ ಹಿಡಿದು, ಬಗ್ಗಿ, ಹುಲ್ಲಿನ ಬುಡವನ್ನೊಮ್ಮೆ ನೋಡಿ. ಹೆಜ್ಜೆ ಮಾತ್ರ ನೋಡಿಕೊಂಡು ಇಡಿ.