ಬಾಡಿಗೆಯ ಕಿಮೊನೊ

ಜಪಾನಿನ ಕ್ಯೋಟೊ ನಗರದಲ್ಲಿ ಕಿಯೊಮಿಜು ದೇವಾಲಯಕ್ಕೆ ಹೋಗುವ ಏರುಬೀದಿಗಳಲ್ಲೂ ಸಮೀಪದ ಗಿಯೊನ್ ಬಡಾವಣೆಯಲ್ಲೂ ಕಿಮೊನೊ ಬಾಡಿಗೆಗೆ ಕೊಡುವ ಅಂಗಡಿಗಳು ಬೇಕಾದಷ್ಟಿವೆ. ಬೆಳಿಗ್ಗೆ ಬಂದು ಉಡುಪನ್ನು ಆರಿಸಿ, ಅಂಗಡಿಯವರಿಂದಲೇ ಉಡಿಸಿಕೊಂಡು, ಊರೆಲ್ಲ ಸುತ್ತಿ, ಸಂಜೆಗೆ ಮರಳಿಸುವ ಈ ವ್ಯವಸ್ಥೆಯನ್ನು ಹೊರದೇಶದ ಪ್ರವಾಸಿಗರಂತೆ ಜಪಾನಿನ ಯುವಜನರೂ ಬಳಸಿಕೊಳ್ಳುತ್ತಾರೆ. ಒಂದು ಜನರ ಉಡುಪನ್ನು ಅದರ ಹಿನ್ನೆಲೆ ಅರಿಯದವರು ಫೋಟೊಗಾಗಿ ತೊಡುವುದು ಸರಿಯೇ ಎಂದು ಕೇಳುವವರು ‘ಕಲ್ಚರಲ್ ಅಪ್ರೋಪ್ರಿಯೇಶನ್’, ಅಂದರೆ ಸಾಂಸ್ಕೃತಿಕ ಅಪಹರಣ ಎಂಬ ಪರಿಭಾಷೆಯನ್ನು ಬಳಸುತ್ತಾರೆ. ಬಲಾಢ್ಯ ಸಮುದಾಯದವರು ದುರ್ಬಲ ಸಮುದಾಯದ ಉಡುಪು, ಸಂಗೀತ, ಆಚರಣೆಗಳನ್ನು ಅವರ ಒಪ್ಪಿಗೆಯಿಲ್ಲದೆ ಎತ್ತಿಕೊಂಡು ತಮ್ಮ ಲಾಭಕ್ಕೋ ಮೋಜಿಗೋ ಬಳಸುವುದು ಎಂದು ಇದನ್ನು ಸ್ಥೂಲವಾಗಿ ವಿವರಿಸಬಹುದು.

ಕ್ಯೋಟೊದ ಅಂಗಡಿಯೊಳಗೆ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಈ ವಿವರಣೆ ಅಲ್ಲಿಗೆ ಅಷ್ಟಾಗಿ ಹೊಂದುವುದಿಲ್ಲ. ಮೊದಲು ‘ಜುಬಾನ್’ ಎಂಬ ಒಳನಿಲುವಂಗಿಯನ್ನು ತೊಡಿಸಿ, ಸೊಂಟದ ತಗ್ಗು ಕಾಣದಂತೆ ಟವೆಲ್ ಸುತ್ತಿ, ಮೇಲಿನ ನಿಲುವಂಗಿಯ ಎಡಮಗ್ಗುಲು ಬಲಮಗ್ಗುಲಿನ ಮೇಲೆ ಬರುವಂತೆ ಹೊದಿಸಿ, ಹೆಚ್ಚಾದ ಉದ್ದವನ್ನು ಸೊಂಟದ ಬಳಿ ಮಡಿಸಿ, ಲಾಡಿಯಂಥ ಪಟ್ಟಿಗಳಿಂದ ಬಿಗಿದು, ಕೊನೆಗೆ ‘ಓಬಿ’ ಎಂಬ ಅಗಲವಾದ ನಡುಪಟ್ಟಿಯನ್ನು ಬೆನ್ನ ಹಿಂದೆ ಗಂಟು ಹಾಕುತ್ತಾರೆ. ಬಲಮಗ್ಗುಲು ಮೇಲೆ ಬರುವಂತೆ ಹೊದಿಸುವುದು ಶವಕ್ಕೆ ಮಾತ್ರ. ನೆಲದತ್ತ ಇಳಿಬೀಳುವ ಉದ್ದ ತೋಳಿನ ‘ಫುರಿಸೊದೆ’ ಅವಿವಾಹಿತ ತರುಣಿಯರಿಗೆ ಮೀಸಲು. ಎರಡನೇ ಮಹಾಯುದ್ಧದ ನಂತರ ಕಿಮೊನೊ ನಿತ್ಯಬಳಕೆಯಿಂದ ದೂರವಾದ್ದರಿಂದ ಅದನ್ನು ಉಡುವ ಕ್ರಮವನ್ನು ಸ್ವತಃ ಜಪಾನಿ ಮಹಿಳೆಯರೇ ಶುಲ್ಕ ಕೊಟ್ಟು ಕಲಿಯುವಂತಾಗಿದೆ. ಹೀಗೆ ಉಡುಪಿನ ನಿಯಮ ಬಲ್ಲವರೇ ತಮ್ಮ ಕೈಯಾರೆ ಅತಿಥಿಗೆ ಉಡಿಸಿ ಕಳಿಸುವಾಗ ಅದನ್ನು ಅಪಹರಣ ಎನ್ನುವುದು ಉಡಿಸಿದವರ ಒಪ್ಪಿಗೆಗೆ ಬೆಲೆಯೇ ಇಲ್ಲವೆಂದಂತೆ.

ಆ ನಗರದ ಅಸಮಾಧಾನವಿರುವುದು ಬೇರೆಡೆ. ನೃತ್ಯ, ಸಂಗೀತಗಳ ಕಠಿಣ ಶಿಕ್ಷಣದಲ್ಲಿರುವ ‘ಮೈಕೊ’ ತರುಣಿಯರನ್ನು ಗಿಯೊನ್ನಿನ ಓಣಿಗಳಲ್ಲಿ ಪ್ರವಾಸಿಗರು ಬೆನ್ನಟ್ಟಿ ಫೋಟೊ ತೆಗೆಯುವ ಕಾಟ ತಾಳಲಾರದೆ ನಿವಾಸಿಗಳು 2019ರಲ್ಲಿ ಖಾಸಗಿ ದಾರಿಗಳಲ್ಲಿ ಛಾಯಾಗ್ರಹಣವನ್ನು ನಿಷೇಧಿಸಿ, ಮೀರಿದವರಿಗೆ 10,000 ಯೆನ್ ದಂಡವೆಂದು ಫಲಕ ಹಾಕಿದರು. ಅದೇ ವರ್ಷ ಅಮೆರಿಕದ ಕಿಮ್ ಕಾರ್ಡಾಶಿಯನ್ ತಮ್ಮ ಒಳಉಡುಪುಗಳ ಉದ್ಯಮಕ್ಕೆ ‘ಕಿಮೊನೊ’ ಎಂದು ಹೆಸರಿಟ್ಟು ಟ್ರೇಡ್‌ಮಾರ್ಕ್‌ಗೆ ಮುಂದಾದಾಗ ಕ್ಯೋಟೊದ ಮೇಯರ್ ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು, ಮತ್ತು ಆ ಹೆಸರು ಕೆಲವೇ ವಾರಗಳಲ್ಲಿ ಬದಲಾಯಿತು. ಅಪರಿಚಿತರಿಗೆ ಸಂತೋಷದಿಂದ ಕಿಮೊನೊ ಉಡಿಸುವ ನಗರವೇ ಅದರ ಹೆಸರನ್ನು ಒಬ್ಬರ ಸ್ವತ್ತಾಗಲು ಬಿಡಲಿಲ್ಲ ಎಂಬುದು ಗಮನಾರ್ಹ.

ಆದರೆ ಕಿಮೊನೊ ಸಮುದ್ರ ದಾಟಿದ ಮೇಲೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಫ್ರಾನ್ಸಿನ ಕಲಾವಿದ ಕ್ಲೋದ್ ಮೊನೆ 1876ರಲ್ಲಿ ತನ್ನ ಪತ್ನಿ ಕೆಂಪು ಕಿಮೊನೊ ತೊಟ್ಟು ನಿಂತಂತೆ ರಚಿಸಿದ ಚಿತ್ರವೊಂದು ಬಾಸ್ಟನ್ ನಗರದ ಕಲಾ ಸಂಗ್ರಹಾಲಯದಲ್ಲಿದೆ. 2015ರ ಬೇಸಿಗೆಯಲ್ಲಿ ಸಂಗ್ರಹಾಲಯವು ಅದೇ ಬಗೆಯ ಕಿಮೊನೊವನ್ನು ತೊಟ್ಟು ಚಿತ್ರದ ಮುಂದೆ ಫೋಟೊ ತೆಗೆಸಿಕೊಳ್ಳಲು ಪ್ರತಿ ಬುಧವಾರ ಸಂದರ್ಶಕರನ್ನು ಆಹ್ವಾನಿಸಿತು. ಏಷ್ಯಾ ಮೂಲದ ಅಮೆರಿಕನ್ನರಲ್ಲಿ ಕೆಲವರು ಪ್ರತಿಭಟಿಸಿದಾಗ, ಉಡುಪನ್ನು ಮುಟ್ಟಿ ನೋಡಬಹುದು, ತೊಡುವಂತಿಲ್ಲ ಎಂದು ಕ್ರಮವನ್ನು ಬದಲಿಸಲಾಯಿತು. ಜಪಾನಿ ಮೂಲದ ಕೆಲವರು ಆ ಪ್ರತಿಭಟನೆಯನ್ನೇ ವಿರೋಧಿಸಿ ಕಿಮೊನೊ ಉಟ್ಟು ಬಂದರು. ಚಿತ್ರವು ಜಪಾನಿನಲ್ಲಿ ಪ್ರದರ್ಶಿತವಾದಾಗ ಅಲ್ಲಿನ ಜನ ಅದೇ ಉಡುಪನ್ನು ಸಂಭ್ರಮದಿಂದ ತೊಟ್ಟು ನೋಡಿದ್ದರು. ಈ ಭಿನ್ನತೆಗೆ ಇತಿಹಾಸದಲ್ಲಿ ಕಾರಣವಿದೆ. 1941ರಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ ನಂತರ ಅಮೆರಿಕದ ಸರ್ಕಾರ ಜಪಾನಿ ಮೂಲದ ಸುಮಾರು 1,20,000 ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿತು. ಶತ್ರುದೇಶದ ಪಕ್ಷಪಾತಿಗಳೆಂಬ ಅನುಮಾನಕ್ಕೆ ಹೆದರಿ ಎಷ್ಟೋ ಕುಟುಂಬಗಳು ತಮ್ಮ ಮನೆಯ ಕಿಮೊನೊ, ಪತ್ರ, ಫೋಟೊಗಳನ್ನು ಸುಟ್ಟು ಹಾಕಿದ್ದವು. ಅಂಥ ನೆನಪನ್ನು ಹೊತ್ತವರಿಗೆ, ಬಹುಸಂಖ್ಯಾತರು ಅದೇ ಉಡುಪನ್ನು ಹಗುರವಾಗಿ ಹೊದ್ದು ನಗುವುದನ್ನು ನೋಡುವುದು ಸುಲಭವಲ್ಲ.

ಉಡುಪೊಂದನ್ನು ತೊಟ್ಟದ್ದಕ್ಕಾಗಿ ಬೆಲೆ ತೆತ್ತವರು ಯಾರು ಎಂದು ಕೇಳಿಕೊಂಡರೆ ಈ ವಿವಾದದ ಬಹುಭಾಗ ಅರ್ಥವಾಗುತ್ತದೆ. ಕೆನಡಾ ದೇಶವು 1914ರಲ್ಲಿ ಕಾಯ್ದೆಯನ್ನು ತಿದ್ದಿ, ಪಶ್ಚಿಮ ಪ್ರಾಂತಗಳ ಮೂಲನಿವಾಸಿಗಳು ಸರ್ಕಾರಿ ಅನುಮತಿಯಿಲ್ಲದೆ ತಮ್ಮ ಸಾಂಪ್ರದಾಯಿಕ ಉಡುಪಿನಲ್ಲಿ ನೃತ್ಯ, ಪ್ರದರ್ಶನಗಳಲ್ಲಿ ಪಾಲ್ಗೊಳ್ಳುವುದನ್ನು ನಿರ್ಬಂಧಿಸಿತು. ಉತ್ತರ ಅಮೆರಿಕದ ಬಯಲುನಾಡಿನ ಬುಡಕಟ್ಟುಗಳಲ್ಲಿ ಹದ್ದಿನ ಗರಿಗಳ ಶಿರೋಭೂಷಣವು ಸಮುದಾಯ ಮನ್ನಿಸಿದ ವ್ಯಕ್ತಿಗೆ ಸಲ್ಲುವ ಗೌರವವಾಗಿದ್ದು, ಅಂಗಡಿಯಲ್ಲಿ ಕೊಂಡು ತಲೆಗೇರಿಸಿಕೊಳ್ಳುವ ವಸ್ತುವಲ್ಲ. ಮಾಂಟ್ರಿಯಲ್ ನಗರದ ಒಶಿಯಾಗಾ ಸಂಗೀತೋತ್ಸವ 2015ರಲ್ಲಿ ಇಂಥ ಶಿರೋಭೂಷಣಗಳನ್ನು ನಿಷೇಧಿಸಿದ್ದು ನ್ಯಾಯವಾಗಿಯೇ ಇತ್ತು.

ಕರ್ನಾಟಕದಲ್ಲಿ ಈ ಪ್ರಶ್ನೆ ಎದುರಾಗುವುದು ಲಂಬಾಣಿ ಮಹಿಳೆಯರ ಉಡುಪಿನ ವಿಷಯದಲ್ಲಿ. ಕನ್ನಡಿ ಚೂರು, ಕವಡೆ, ನಾಣ್ಯಗಳನ್ನು ಕೂರಿಸಿ ಕಸೂತಿ ಹಾಕಿದ ‘ಫೇಟಿಯಾ’ ಎಂಬ ಲಂಗ, ‘ಕಾಂಚಳಿ’ ಎಂಬ ರವಿಕೆ, ತೋಳು ತುಂಬ ಬಳೆ ಇವೆಲ್ಲ ಶಾಲಾ ವಾರ್ಷಿಕೋತ್ಸವದಲ್ಲೂ ಸರ್ಕಾರಿ ಮೆರವಣಿಗೆಯಲ್ಲೂ ಮೆಚ್ಚುಗೆ ಪಡೆಯುತ್ತವೆ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ವ್ಯಾಪಾರ ನಡೆಸುತ್ತಿದ್ದ ಈ ಸಮುದಾಯ ರೈಲು ಬಂದ ಮೇಲೆ ಕಸುಬು ಕಳೆದುಕೊಂಡಿತು. ಅದರ ಹಲವು ಗುಂಪುಗಳಿಗೆ ಬ್ರಿಟಿಷ್ ಆಡಳಿತ ‘ಅಪರಾಧಿ ಬುಡಕಟ್ಟು’ ಎಂಬ ಹಣೆಪಟ್ಟಿಯನ್ನೂ ಹಚ್ಚಿತು. ಪೇಟೆಯಲ್ಲಿ, ಕೂಲಿಯ ಸ್ಥಳದಲ್ಲಿ ಉಡುಪಿನಿಂದಲೇ ಗುರುತು ಹಿಡಿದು ಹೀಯಾಳಿಸುವವರ ನಡುವೆ ಬಾಳಬೇಕಾದ ತಾಂಡಾದ ಕಿರಿಯ ತಲೆಮಾರಿನ ಹೆಣ್ಣುಮಕ್ಕಳು ಸೀರೆ, ಚೂಡಿದಾರಕ್ಕೆ ಹೊರಳಿದರು. ಇಂದು ಅನೇಕ ಕಡೆ ಫೇಟಿಯಾ ನಿತ್ಯದ ಉಡುಪಾಗಿ ಉಳಿದಿರುವುದು ಅಜ್ಜಿಯರಲ್ಲಿ ಮಾತ್ರ. ವೇದಿಕೆಯ ಮೇಲೆ ಅದೇ ಉಡುಪು ತೊಟ್ಟ ಬೇರೆ ಮನೆಯ ಹುಡುಗಿಗೆ ಚಪ್ಪಾಳೆ ಸಿಗುತ್ತದೆ, ತೊಟ್ಟುಕೊಂಡೇ ಬಸ್ಸು ಹತ್ತುವ ಲಂಬಾಣಿ ಮುದುಕಿಗೆ ಇಂದಿಗೂ ಎಲ್ಲ ಕಡೆ ಮರ್ಯಾದೆ ಸಿಗುವುದಿಲ್ಲ ಎಂಬ ಅಂತರ ನೋವಿನದು.

ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್, ಅಂದರೆ ಒಂದು ಪ್ರದೇಶದ ವಿಶಿಷ್ಟ ಉತ್ಪನ್ನದ ಹೆಸರನ್ನು ಬೇರೆಯವರು ಬಳಸದಂತೆ ಕಾಯುವ ಕಾನೂನಿನ ಮಾನ್ಯತೆ ದೊರೆತಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಗುಂಪಿನ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯನ್ನೂ ಸೇರಿತು. ಹೊಲಿದವರ ಹೆಸರಿನಲ್ಲೇ ಮಾರಾಟವಾಗಿ ಅವರ ಕೈಗೇ ಕಾಸು ಸೇರುವ ಇಂಥ ಏರ್ಪಾಡು ಇರುವಲ್ಲಿ, ಹೊರಗಿನವರು ಆ ಕಸೂತಿಯನ್ನು ತೊಡುವುದರಿಂದ ಸಮುದಾಯಕ್ಕೆ ಒಳಿತೇ ಆಗುತ್ತದೆ. ಆದರೆ ಕಾನೂನು ಕಾಯುವುದು ಕಸೂತಿಯ ಹೆಸರನ್ನು. ಫೇಟಿಯಾ ತೊಟ್ಟು ಪೇಟೆಗೆ ಬರುವ ಹೆಣ್ಣಿನ ಮರ್ಯಾದೆ ಕಾಯುವ ಹೊಣೆ ಆ ಪೇಟೆಯ ಜನರದ್ದೇ.